ಕಾಫಿ ಹುರಿಯುವವನ ಮೊದಲ ಕಪ್ಪು ಲಾಗರ್

ಚಿಕ್ಕಮಗಳೂರಿನಲ್ಲಿ ನಮ್ಮದೊಂದು ಸಣ್ಣ ಕಾಫಿಪುಡಿ ಅಂಗಡಿ. ಹದಿನಾಲ್ಕು ವರ್ಷದಿಂದ ಬೀಜ ಹುರಿಯುವುದೇ ನನ್ನ ಕೆಲಸ. ಕಪ್ಪು ಬಣ್ಣ ಎಲ್ಲಿಂದ ಬರುತ್ತದೆ ಅಂತ ಯಾರಾದರೂ ಕೇಳಿದ್ದರೆ ಯೋಚನೆ ಮಾಡದೆ ಹೇಳಿಬಿಡುತ್ತಿದ್ದೆ: ಉರಿಯಿಂದ. ಈ ಚಳಿಗಾಲ ಮನೆಯಲ್ಲಿ ಇಪ್ಪತ್ತು ಲೀಟರ್ ಮ್ಯೂನಿಕ್ ಡುಂಕೆಲ್ ಅನ್ನುವ ಬಿಯರ್ ಮಾಡಲು ಹೊರಟಾಗ ಹೆಜ್ಜೆಹೆಜ್ಜೆಗೂ ಕಾಲಿಗೆ ಅಡ್ಡ ಬಂದದ್ದು ಈ ವಿದ್ಯೆಯೇ.

ಡುಂಕೆಲ್ ಅಂದರೆ ಜರ್ಮನ್‌ನಲ್ಲಿ ಗಾಢ, ಕಪ್ಪು ಅಂತ. ಜರ್ಮನಿಯ ಬವೇರಿಯಾದ ಹಳೇ ಲಾಗರ್ ಇದು; ಲಾಗರ್ ಅಂದರೆ ತಂಪಿನಲ್ಲಿ ಹುದುಗಿಸಿ ಮಾಗಿಸುವ ಬಿಯರ್. ನಮ್ಮ ಬಾರುಗಳಲ್ಲಿ ಸಿಗುವ ಹಳದಿ ಲಾಗರಿನ ಮೂಲವಾದ ಪಿಲ್ಸ್ನರ್ ಹುಟ್ಟಿದ್ದು 1842ರಲ್ಲಿ. ಡುಂಕೆಲ್ ಅದಕ್ಕಿಂತ ಹಿರಿಯದು. ಇದಕ್ಕಿಂತ ಕಪ್ಪಗಿನ ಶ್ವಾರ್ಟ್ಸ್‌ಬಿಯರ್ ಅಂತ ಇನ್ನೊಂದಿದೆ, ತುರಿಂಗಿಯಾದ ಕ್ಯೋಸ್ಟ್ರಿಟ್ಸ್ ಕಡೆಯದು. ಎರಡರಲ್ಲಿ ಯಾವುದು ಅಂತ ಒಂದು ವಾರ ತೂಗಿ ನೋಡಿ ಡುಂಕೆಲ್ ಆರಿಸಿಕೊಂಡೆ. ಕಾಫಿ ವಾಸನೆ ದಿನವಿಡೀ ಮೂಗಿನಲ್ಲಿ ಇದ್ದೇ ಇರುತ್ತದೆ, ಸಂಜೆ ಲೋಟದಲ್ಲೂ ಅದೇ ಯಾಕೆ?

ಇದನ್ನು ಓದಿ ಕೈ ಹಾಕುವವರು ಮೊದಲು ಅಬಕಾರಿ ನಿಯಮ ಓದಿಕೊಳ್ಳಿ. ನಾನಂತೂ ಒಂದು ಬಾಟ್ಲಿಯನ್ನೂ ಮಾರಿಲ್ಲ, ಮಾರುವುದೂ ಇಲ್ಲ.

ಮೊದಲು ಫ್ರಿಜ್

ಲಾಗರ್ ಮಾಡುವವನಿಗೆ ಪಾತ್ರೆಗಿಂತ ಮುಂಚೆ ಬೇಕಾದ್ದು ತಂಪು. ಸಕ್ಕರೆಯನ್ನು ಆಲ್ಕೋಹಾಲ್ ಮಾಡುವ ಈಸ್ಟ್ ಕೆಲಸ ಮಾಡುವಾಗ 12 ಡಿಗ್ರಿ, ಆಮೇಲೆ ವಾರಗಟ್ಟಲೆ 2 ಡಿಗ್ರಿ. ಬವೇರಿಯಾದಲ್ಲಿ 1553ರಲ್ಲಿ ಏಪ್ರಿಲ್ 23ರಿಂದ ಸೆಪ್ಟೆಂಬರ್ 29ರವರೆಗೆ ಬಿಯರ್ ಕುದಿಸಲೇಬಾರದು ಅಂತ ಆಜ್ಞೆಯಾಗಿತ್ತು. ಬೇಸಿಗೆಯಲ್ಲಿ ಮಾಡಿದ್ದು ಕೆಡುತ್ತಿತ್ತು. ಬೇಸಿಗೆಯಲ್ಲೂ ನಿಶ್ಚಿಂತೆಯಿಂದ ಲಾಗರ್ ಮಾಡಲು ಕಾರ್ಲ್ ಫಾನ್ ಲಿಂಡೆಯ ತಂಪುಯಂತ್ರ ಬರಬೇಕಾಯಿತು. 1870ರ ದಶಕದಲ್ಲಿ ಅದನ್ನು ಮೊದಮೊದಲು ಕೂರಿಸಿದ್ದು ಮ್ಯೂನಿಕ್‌ನ ಷ್ಪಾಟನ್ ಬ್ರೂವರಿಯಲ್ಲೇ. ಅಂದರೆ ಅಡುಗೆಮನೆ ಫ್ರಿಜ್ಜಿಗೂ ಬಿಯರಿಗೂ ಹಳೇ ನಂಟು. ಡಿಸೆಂಬರ್ ರಾತ್ರಿ ನಮ್ಮೂರು 14–15 ಡಿಗ್ರಿಗೆ ಇಳಿಯುತ್ತದೆ ನಿಜ. ಮಧ್ಯಾಹ್ನ 27ಕ್ಕೆ ಹತ್ತುತ್ತದಲ್ಲ!

ಹಿತ್ತಲ ಕೋಣೆಯಲ್ಲಿ ಅಮ್ಮನ ಹಳೇ ಒಂಟಿ ಬಾಗಿಲಿನ ಫ್ರಿಜ್ ಇತ್ತು, 190 ಲೀಟರಿನದು. ಒಳಗೆ ಅಮ್ಮ ಗೋಣಿಚೀಲ ಮಡಚಿಟ್ಟಿದ್ದರು. ಕಂಪ್ರೆಸರ್ ಓಡುತ್ತಿತ್ತು, ಬಾಗಿಲು ಮಾತ್ರ ಸರಿಯಾಗಿ ಹಿಡಿಯುತ್ತಿರಲಿಲ್ಲ. ಬಾಗಿಲಿನ ಸಂದಿಗೆ ಹತ್ತು ರೂಪಾಯಿ ನೋಟು ಸಿಕ್ಕಿಸಿ ಎಳೆದು ನೋಡಿದೆ. ಮೂರು ಕಡೆ ಬಿಗಿ, ಕೆಳಗಿನ ಮೂಲೆಯಲ್ಲಿ ಜಾರಿ ಬಂತು. ರಬ್ಬರ್ ಗ್ಯಾಸ್ಕೆಟ್ ಬಿಚ್ಚಿ ಬಿಸಿನೀರಲ್ಲಿ ಹತ್ತು ನಿಮಿಷ ನೆನೆಸಿ, ಆ ಮೂಲೆಯನ್ನು ಕೈಯಿಂದ ಎಳೆದು ಆಕಾರಕ್ಕೆ ತಂದು ಮತ್ತೆ ಕೂರಿಸಿದೆ. ಎರಡನೇ ಸಲ ನೋಟು ಹರಿಯುವಷ್ಟು ಬಿಗಿ.

25 ಲೀಟರಿನ ಫುಡ್ ಗ್ರೇಡ್ ಬಕೆಟ್ ಒಳಗೆ ಕೂರಲಿಲ್ಲ. ಹಿಂದೆ ಕಂಪ್ರೆಸರಿನ ಉಬ್ಬು, ಮೇಲೆ ಫ್ರೀಜರ್ ಪೆಟ್ಟಿಗೆ. ಅದನ್ನು ಸ್ವಲ್ಪ ಮೇಲಕ್ಕೆ ಬಗ್ಗಿಸಿದರೆ ಹೇಗೆ ಅಂತ ಕೈ ಹಾಕಿದ್ದೆ. ಪುಣ್ಯಕ್ಕೆ ಆ ಹೊತ್ತಿಗೆ ಮೆಕ್ಯಾನಿಕ್ ಬಂದ. "ಸಾರ್, ಆ ತಟ್ಟೆ ಮುಟ್ಬೇಡಿ. ಗ್ಯಾಸ್ ಅದರೊಳಗೇ ಓಡ್ತಿರುತ್ತೆ. ಒಂದು ಕಡೆ ಸೀಳಿದ್ರೂ ಫ್ರಿಜ್ ಗುಜರಿಗೇ." ಬಗ್ಗಿಸುವ ಆಸೆ ಬಿಟ್ಟೆ. ಬಾಗಿಲ ಒಳಗಿನ ಪ್ಲಾಸ್ಟಿಕ್ ಅಟ್ಟಣಿಗೆ ಕಿತ್ತು, ಪ್ಲೈವುಡ್ಡಿನ ಮಣೆ ಮಾಡಿ ಬಕೆಟ್ ನಿಲ್ಲಿಸಿದೆ. ಒಳಗಿನ ಗ್ಯಾಸ್ ಹೊರಬಿಟ್ಟು ಹೊರಗಿನ ಗಾಳಿ ತಡೆಯುವ ಏರ್‌ಲಾಕನ್ನು ಮುಚ್ಚಳದ ಮೇಲೆ ನಿಲ್ಲಿಸುವಷ್ಟೂ ಜಾಗ ಉಳಿಯಲಿಲ್ಲ. ಅದರ ಬದಲು ಸಿಲಿಕೋನ್ ಕೊಳವೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಅಯೋಡೋಫೋರ್ (ಅಯೋಡಿನ್ ಇರುವ ಕ್ರಿಮಿನಾಶಕ) ಬೆರೆಸಿದ ನೀರಿನ ಬಾಟ್ಲಿಯಲ್ಲಿ ಮುಳುಗಿಸಿದೆ. ಈ ಕೊಳವೆಯ ಕಥೆ ಮುಂದೆ ಬರುತ್ತದೆ.

ತಾಪಮಾನ ಹಿಡಿಯಲು ಎಸ್‌ಟಿಸಿ-1000 ಕಂಟ್ರೋಲರ್. ಅಂಗೈಯಷ್ಟು ದೊಡ್ಡದು, ಎರಡು ರಿಲೇ (ತಾನಾಗೇ ಹೊತ್ತಿ ಆರುವ ಸ್ವಿಚ್ಚು): ಒಂದು ತಂಪಿಗೆ, ಒಂದು ಬಿಸಿಗೆ. ಫೇಸ್ ತಂತಿಯನ್ನು ಎರಡೂ ರಿಲೇಗೆ ಕೊಟ್ಟು, ತಂಪಿನ ಕಡೆಯಿಂದ ಫ್ರಿಜ್ಜಿನ ಸಾಕೆಟ್ಟಿಗೆ, ಬಿಸಿಯ ಕಡೆಯಿಂದ 40 ವ್ಯಾಟ್ ಬಲ್ಬಿಗೆ. ಬೆಳಕು ಬಿದ್ದರೆ ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂವು ಕೆಟ್ಟ ವಾಸನೆ ಕೊಡುತ್ತದೆ, ಅದಕ್ಕೇ ಬಲ್ಬನ್ನು ಕಾಫಿಪುಡಿಯ ತಗಡಿನ ಡಬ್ಬಿಯೊಳಗೆ ಕೂರಿಸಿದೆ. ಫ್ರಿಜ್ಜಿನ ಸ್ವಂತ ಥರ್ಮೋಸ್ಟಾಟ್ ಪೂರ್ತಿ ತಂಪಿಗೆ ತಿರುಗಿಸಿಟ್ಟರೆ ಯಜಮಾನಿಕೆ ಕಂಟ್ರೋಲರಿನದೇ. ಎಫ್3 ಅನ್ನುವ ಸೆಟ್ಟಿಂಗ್ ಕಂಪ್ರೆಸರ್ ಮತ್ತೆ ಹೊತ್ತಿಕೊಳ್ಳುವ ಮುಂಚಿನ ಬಿಡುವು. ಅದನ್ನು 5 ನಿಮಿಷಕ್ಕೆ ಇಡಿ, ಕಂಪ್ರೆಸರ್ ಬಾಳುತ್ತದೆ.

ಮೊದಲ ದಿನ ಸೆನ್ಸರನ್ನು ಒಳಗೆ ಗಾಳಿಯಲ್ಲಿ ನೇತುಹಾಕಿ ಬಕೆಟ್ಟಿಗೆ ಬರೀ ನೀರು ತುಂಬಿ ಪರೀಕ್ಷೆ ಮಾಡಿದೆ. ಗಾಳಿ 12 ತೋರಿಸುತ್ತಿದ್ದಾಗ ನೀರು ಇನ್ನೂ 19ರಲ್ಲೇ ಇತ್ತು, ಕಂಪ್ರೆಸರ್ ಮಾತ್ರ ಹೊತ್ತುವುದು ಆರುವುದು ನಡೆಸಿತ್ತು. ಸೆನ್ಸರನ್ನು ಬಕೆಟ್ಟಿನ ಮೈಗೆ ಒತ್ತಿ, ಮೇಲೆ ಥರ್ಮೋಕೋಲ್ ತುಂಡಿಟ್ಟು ಟೇಪ್ ಸುತ್ತಿದ ಮೇಲೆ ಶಾಂತವಾಯಿತು.

ಉರಿಯ ಅಹಂಕಾರ

ಮಾಲ್ಟ್ ಅಂದರೆ ಹೊಸದೇನಲ್ಲ. ಮನೆಯಲ್ಲಿ ಮಗುವಿಗೆ ರಾಗಿ ಮಾಲ್ಟ್ ಮಾಡಿದವರಿಗೆ ಗೊತ್ತು. ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ಒಣಗಿಸಿ, ಹುರಿದು ಬೀಸುವುದು. ಆ ಹಿಟ್ಟಿನ ಗಂಜಿ ಮಾಮೂಲಿ ರಾಗಿಗಂಜಿಯ ಹಾಗೆ ಗಟ್ಟಿಯಾಗದೆ ತೆಳ್ಳಗೇ ಇರುತ್ತದೆ. ಮೊಳಕೆಯಲ್ಲಿ ಹುಟ್ಟಿದ ಎಂಜೈಮ್ ಪಿಷ್ಟವನ್ನು ಕತ್ತರಿಸಿ ಸಕ್ಕರೆ ಮಾಡುವುದೇ ಕಾರಣ. ಬಿಯರಿಗೆ ಬಳಸುವ ಬಾರ್ಲಿಯಲ್ಲೂ ಇದೇ ನಡೆಯುತ್ತದೆ.

ಬೆಂಗಳೂರಿನ ಮೈಕ್ರೋಬ್ರೂವರಿಯೊಂದರಲ್ಲಿ ಕೆಲಸ ಮಾಡುವ ಗೆಳೆಯ ಮಾಲ್ಟ್, ಹಾಪ್ಸ್, ಈಸ್ಟ್ ಹೊಂದಿಸಿಕೊಟ್ಟ. ಮ್ಯೂನಿಕ್ ಮಾಲ್ಟ್ 3.5 ಕೆಜಿ, ಪಿಲ್ಸ್ನರ್ ಮಾಲ್ಟ್ 1.2 ಕೆಜಿ. ಬಣ್ಣಕ್ಕೆ ಕರಾಫಾ ಸ್ಪೆಷಲ್ ಅಂತ ಸಿಪ್ಪೆ ತೆಗೆದು ಹುರಿದ ಮಾಲ್ಟ್ 150 ಗ್ರಾಂ ಬೇಕು ಅಂದ. "ಹುರಿದದ್ದನ್ನ ನಾನು ದುಡ್ಡು ಕೊಟ್ಟು ತರ್ಬೇಕಾ?" ಅಂದೆ. "ಲೋ ಮಗಾ, ಕಾಫಿ ಬೇರೆ ಇದು ಬೇರೆ ಕಣೋ," ಅಂದವನು ಕೇಳದಿದ್ದರೂ ಸಣ್ಣ ಪೊಟ್ಟಣವೊಂದನ್ನು ಚೀಲದೊಳಗೆ ಹಾಕಿದ್ದ.

ಅವನ ಮಾತು ಕಿವಿಗೆ ಹಾಕಿಕೊಳ್ಳದೆ ಅರ್ಧ ಕೆಜಿ ಪಿಲ್ಸ್ನರ್ ಮಾಲ್ಟನ್ನು ನಮ್ಮ ಸ್ಯಾಂಪಲ್ ರೋಸ್ಟರಿಗೆ ಸುರಿದೆ. 1817ರಲ್ಲಿ ಡೇನಿಯಲ್ ವೀಲರ್ ಅನ್ನುವವನು ಇಂಗ್ಲೆಂಡಿನಲ್ಲಿ ಕಪ್ಪು ಮಾಲ್ಟಿಗೆ ಪೇಟೆಂಟ್ ತೆಗೆದುಕೊಂಡದ್ದು ಕಾಫಿ ಹುರಿಯುವಂಥದೇ ಉರುಳೆಯಿಂದ ಅಂತ ಎಲ್ಲೋ ಓದಿದ್ದೆ. ಅಂದಮೇಲೆ ನನ್ನ ಉರುಳೆಗೆ ಏನು ಕಡಿಮೆ?

ಹಸಿ ಕಾಫಿಬೀಜದಲ್ಲಿ ಶೇಕಡಾ 10–12 ತೇವ ಇರುತ್ತದೆ. ಅದು ಆವಿಯಾಗಿ, ಬೀಜ ಹಳದಿ ತಿರುಗಿ, ಆಮೇಲೆ ಚಟ್ ಅಂತ ಸಿಡಿಯುತ್ತದೆ. ನಾವು ಕಿವಿಯಿಂದ ಹುರಿಯುವವರು. ಮಾಲ್ಟಿನಲ್ಲಿ ತೇವ ಶೇಕಡಾ 5ರ ಆಸುಪಾಸು, ಕಾಳು ಸಣ್ಣದು, ಮೇಲೆ ಕಾಗದದಂಥ ಸಿಪ್ಪೆ. ನಾನು ಆ ‘ಚಟ್’ಗೆ ಕಾಯುತ್ತಾ ನಿಂತೆ. ಸದ್ದು ಬರಲಿಲ್ಲ, ಹೊಗೆ ಬಂತು. ಮೊದಲು ಬಿಸ್ಕತ್ತಿನ ವಾಸನೆ, ಅರೆ ನಿಮಿಷದಲ್ಲಿ ರೊಟ್ಟಿ ಸೀದ ವಾಸನೆ, ಇನ್ನರ್ಧ ನಿಮಿಷಕ್ಕೆ ಹುಲ್ಲಿಗೆ ಬೆಂಕಿ ಹಚ್ಚಿದ ವಾಸನೆ. ಸುರಿದು ನೋಡಿದರೆ ಸಿಪ್ಪೆ ಬೂದಿ, ಒಳಗಿನ ಕಾಳು ಕೆಲವು ಕಪ್ಪು, ಕೆಲವು ಕಂದು. ಒಂದು ಚಮಚ ಬಿಸಿನೀರಿಗೆ ಹಾಕಿ ಕಷಾಯ ಮಾಡಿ ಕುಡಿದೆ. ನಾಲಿಗೆ ಮೇಲೆ ಇದ್ದಿಲು ಉಜ್ಜಿದ ಹಾಗಾಯಿತು. ಸಿಪ್ಪೆ ತೆಗೆದು ಯಾಕೆ ಹುರಿಯುತ್ತಾರೆ ಅನ್ನುವುದು ಆಗ ತಲೆಗೆ ಹೋಯಿತು. ಅರ್ಧ ಕೆಜಿಯೂ ತಿಪ್ಪೆಗೆ.

ಮರುದಿನ ಅದೇ ಉರುಳೆಯಲ್ಲಿ ಹುರಿದ ಪ್ಲಾಂಟೇಶನ್ ಎ ದರ್ಜೆಯ ಕಾಫಿ ಒಯ್ದಿದ್ದ ನಮ್ಮ ಬೀದಿಯ ನಿವೃತ್ತ ಮೇಷ್ಟ್ರು ಸಂಜೆ ಪೊಟ್ಟಣ ಹಿಡಿದುಕೊಂಡೇ ಬಂದರು. "ಏನಪ್ಪಾ, ಇವತ್ತಿನ ಪುಡೀಲಿ ಹಾರ್ಲಿಕ್ಸ್ ವಾಸನೆ ಬರ್ತಿದೆಯಲ್ಲ?" ಚಿಕೋರಿ ಹೆಚ್ಚಾಗಿರಬೇಕು ಅಂತ ಸುಳ್ಳು ಹೇಳಿ ಬೇರೆ ಪೊಟ್ಟಣ ಕೊಟ್ಟು ಕಳಿಸಿದೆ. ಅವರು ಒಯ್ಯುವುದು ಚಿಕೋರಿ ಇಲ್ಲದ ಪುಡಿ ಅನ್ನುವುದು ಆಮೇಲೆ ನೆನಪಾಯಿತು.

ಡುಂಕೆಲಿನ ಬಣ್ಣದ ಬಹುಪಾಲು ಹುರಿದ ಮಾಲ್ಟಿನಿಂದ ಬರುವುದೇ ಅಲ್ಲ. ಮ್ಯೂನಿಕ್ ಮಾಲ್ಟನ್ನು ತೇವ ಇರುವಾಗಲೇ ಕಾಯಿಸಲು ಶುರು ಮಾಡಿ ಕೊನೆಗೆ 100 ಡಿಗ್ರಿ ಆಸುಪಾಸಿನಲ್ಲಿ ಒಣಗಿಸುತ್ತಾರೆ. ಪಿಲ್ಸ್ನರಿಗೆ 80–85 ಸಾಕು. ಕಂದು ಬಣ್ಣವೂ ಬ್ರೆಡ್ಡಿನ ಅಂಚಿನ ರುಚಿಯೂ ಅಲ್ಲೇ ಕೂಡುತ್ತವೆ. ಗೆಳೆಯನ ಪೊಟ್ಟಣ ಬಿಚ್ಚಿದೆ.

ಡಿಸೆಂಬರ್ 14, ಭಾನುವಾರ

ಊರಿಗೆ ಬರುವ ಹಿರೇಕೊಳಲೆ ಕೆರೆ ನೀರಿನಲ್ಲಿ ಬ್ಲೀಚಿಂಗ್ ಪೌಡರ್ ವಾಸನೆ ಇದ್ದರೆ ಬಿಯರ್ ಆಸ್ಪತ್ರೆಯ ವಾಸನೆ ಹೊಡೆಯುತ್ತದೆ. ಹಿಂದಿನ ದಿನವೇ ನೀರು ಕುದಿಸಿ ಆರಿಸಿಟ್ಟಿದ್ದೆ. ಶಾಮಿಯಾನದವರ ಹತ್ತಿರ ದೊಡ್ಡ ಗ್ಯಾಸ್ ಒಲೆ ಬಾಡಿಗೆಗೆ ತಂದೆ. ಪರದೆ ಬಟ್ಟೆಯಲ್ಲಿ ಪಾತ್ರೆಯ ಅಳತೆಗೆ ಚೀಲ ಹೊಲಿಸಿದ್ದೆ; "ಇಷ್ಟು ದೊಡ್ಡ ಚೀಲ ಯಾತಕ್ಕೆ?" ಅಂದ ಟೈಲರಿಗೆ "ಪನೀರು" ಅಂದಿದ್ದೆ.

ಮಾಲ್ಟ್ ಒಡೆಯಲು ಅಂಗಡಿಯ ಹಳೇ ಕೈಮಿಲ್ಲು, ತಟ್ಟೆಗಳನ್ನು ಸಡಿಲ ಬಿಟ್ಟು. ಕಾಳು ಮೂರ್ನಾಲ್ಕು ಚೂರಾಗಬೇಕು, ಸಿಪ್ಪೆ ಹರಿಯಬಾರದು. ಹಿಟ್ಟಿನ ಗಿರಣಿಗೆ ಕೊಟ್ಟರೆ ಎಲ್ಲಾ ಅಂಟಾಗಿ ಶೋಧಿಸಲು ಆಗುವುದಿಲ್ಲ ಅನ್ನುವ ಭಯಕ್ಕೆ ಸ್ವಲ್ಪ ಜಾಸ್ತಿಯೇ ಸಡಿಲ ಬಿಟ್ಟೆ. ತಿರುಗಿಸಿ ತಿರುಗಿಸಿ ತೋಳು ಬಿದ್ದುಹೋಯಿತು. ಇಡೀ ಕಾಳು ಬಹಳ ಉಳಿದಿದ್ದು ಕಣ್ಣಿಗೆ ಬಿತ್ತು. ಬೀಳಲಿ ಅಂತ ಬಿಟ್ಟೆ, ತಪ್ಪು ಮಾಡಿದೆ.

ಪಾತ್ರೆಯೊಳಗೆ ಚೀಲ ಹಾಸಿ, 15 ಲೀಟರ್ ನೀರಿಗೆ ಮಾಲ್ಟ್ ಸೇರಿಸಿ 64 ಡಿಗ್ರಿಗೆ ನಿಲ್ಲಿಸಿದೆ. ಅರ್ಧ ಗಂಟೆ ಬಿಟ್ಟು, ಡುಂಕೆಲಿಗೆ ಹಳಬರು ಮಾಡುತ್ತಿದ್ದ ಕ್ರಮ: ಗಟ್ಟಿ ಭಾಗದ ಮೂರನೇ ಒಂದು ಪಾಲು ಬೇರೆ ಪಾತ್ರೆಗೆ ತೆಗೆದು, ಕುದಿಸಿ, ಮತ್ತೆ ಮೂಲಕ್ಕೆ ಸುರಿಯುವುದು. ಥರ್ಮಾಮೀಟರ್ ಇಲ್ಲದ ಕಾಲದಲ್ಲಿ ಕುದಿಯುವ ಪಾಲಿನ ಅಳತೆಯಿಂದಲೇ ಇಡೀ ಪಾತ್ರೆಯ ಶಾಖ ಏರಿಸುತ್ತಿದ್ದರು. ಇದಕ್ಕೆ ಅವರ ಹೆಸರು ಡಿಕಾಕ್ಷನ್. ನನ್ನ ಹೆಂಡತಿ ಒಳಗಿಂದ "ರೀ, ಡಿಕಾಕ್ಷನ್ ಆಯ್ತಾ?" ಅಂದಳು, "ಇನ್ನು ಹದಿನೈದು ನಿಮಿಷ, ತಳ ಹಿಡೀತಿದೆ," ಅಂದೆ. ಕಾಫಿ ಫಿಲ್ಟರಿನ ತಳ ಹೇಗೆ ಹಿಡಿಯುತ್ತದೆ ಅಂತ ಓಡಿ ಬಂದಳು.

ತಳ ಹಿಡಿಯುವುದು ಮಾತ್ರ ನಿಜವಾದ ಅಪಾಯ. ಸೌಟು ಏನೂ ಪ್ರಯೋಜನವಾಗಲಿಲ್ಲ. ಅಮ್ಮ ನೋಡುತ್ತಾ ನಿಂತಿದ್ದವರು "ಏನೋ ಅದು, ಗಂಜಿನೋ ಮುದ್ದೆನೋ?" ಅಂತ ಮುದ್ದೆಕೋಲು ತಂದುಕೊಟ್ಟರು. ಪಾತ್ರೆಯನ್ನು ಎರಡು ಪಾದದ ನಡುವೆ ಒತ್ತಿ ಹಿಡಿಯಲಂತೂ ಆಗದು, ಬರೀ ತಿರುವು. ಮೊದಲು ಹಾಲು ಬೆರೆಸಿದ ಅಂಬಲಿಯ ಬಣ್ಣ. ಕುದಿ ಹತ್ತಿ ಹತ್ತು ನಿಮಿಷಕ್ಕೆ ಗುಳ್ಳೆಗಳು ದಪ್ಪವಾಗಿ ‘ಪುಳಕ್’ ಅಂತ ಒಡೆಯತೊಡಗಿದವು, ಬಣ್ಣ ಬೆಲ್ಲದ ಪಾಕದ ಕಡೆಗೆ ಹೊರಳಿತು, ಹೊಸ ಬ್ರೆಡ್ ಸೀಳಿದಾಗ ಬರುವ ವಾಸನೆ. ಸಾವಿರ ಮೀಟರಿಗೂ ಮೇಲಿರುವ ನಮ್ಮೂರಲ್ಲಿ ನೀರು 96–97 ಡಿಗ್ರಿಗೇ ಕುದಿಯುತ್ತದೆ, ಹದಿನೈದು ನಿಮಿಷದ ಬದಲು ಇಪ್ಪತ್ತು ಕೊಟ್ಟೆ. ಮತ್ತೆ ಸುರಿದಾಗ ಪಾತ್ರೆ 70ಕ್ಕೆ ಬಂದು ನಿಂತಿತು. ಆ ಕ್ಷಣದ ಖುಷಿ ಹೇಳತೀರದು.

ಪಿಷ್ಟ ಉಳಿದಿದೆಯೇ ಅಂತ ನೋಡಲು ಟಿಂಕ್ಚರ್ ಅಯೋಡಿನ್. ದ್ರವ ಕಂದಾಗಿರುವುದರಿಂದ ತಟ್ಟೆಯಲ್ಲಿ ಏನೂ ತಿಳಿಯಲಿಲ್ಲ. ಮಗಳ ಸೀಮೆಸುಣ್ಣದ ಕಡ್ಡಿ ಮೇಲೆ ಒಂದು ಹನಿ ಹಾಕಿ, ಪಕ್ಕದಲ್ಲಿ ಅಯೋಡಿನ್ ತಾಗಿಸಿದೆ. ನೀಲಿಗಪ್ಪು ಬಂದರೆ ಪಿಷ್ಟ ಇದೆ ಅಂತ. ಬರಲಿಲ್ಲ. ಕರಾಫಾ 150 ಗ್ರಾಂ ಆಗ ಹಾಕಿ ಕಲಕಿ, ಹದಿನೈದು ನಿಮಿಷ ಬಿಟ್ಟು ಚೀಲ ಎತ್ತಿ, ಬಿಸಿನೀರಿನಿಂದ ತೊಳೆದು, ಹಿಂಡಿ 26 ಲೀಟರ್ ಮಾಡಿಕೊಂಡೆ. ಒಂದೂವರೆ ಗಂಟೆ ಕುದಿ. ಕೊನೆಯ ಒಂದು ಗಂಟೆಗೆ ಹಾಲರ್‌ಟೌ ಮಿಟ್ಟೆಲ್‌ಫ್ರೂ ಹಾಪ್ಸ್ 45 ಗ್ರಾಂ. ಡುಂಕೆಲಿಗೆ ಅಷ್ಟು ಕಹಿ ಸಾಕು.

ಫ್ರಿಜ್ ಅಂಗಡಿಯಿಂದ ತಂದ ಹತ್ತು ಮೀಟರ್ ತಾಮ್ರದ ಕೊಳವೆಯ ಸುರುಳಿ ಇಳಿಸಿ ನಲ್ಲಿ ನೀರು ಹರಿಸಿದರೆ ಅರ್ಧ ಗಂಟೆಯಲ್ಲಿ 25 ಡಿಗ್ರಿ. ಸಕ್ಕರೆ ಎಷ್ಟಿದೆ ಅಂತ ದ್ರವದ ಸಾಂದ್ರತೆಯಿಂದ ಹೇಳುವ ಹೈಡ್ರೋಮೀಟರ್ 1.048 ತೋರಿಸಿತು (ಬರೀ ನೀರಾದರೆ 1.000). ಲೆಕ್ಕದ ಪ್ರಕಾರ 1.051 ಬರಬೇಕಿತ್ತು. ಒಡೆಯದೆ ಉಳಿದ ಕಾಳು ತಿಂದದ್ದು ಅಷ್ಟು. ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟು, ಬೆಳಿಗ್ಗೆ 12ಕ್ಕೆ ಬಂದ ಮೇಲೆ ಸಾಫ್‌ಲಾಗರ್ ಡಬ್ಲ್ಯೂ-34/70 ಅನ್ನುವ ಲಾಗರ್ ಈಸ್ಟ್ ಎರಡು ಪೊಟ್ಟಣ ಉದುರಿಸಿದೆ. ಒಂದು ಸಾಲದೇ ಅಂದರೆ ಸಾಲದು. ತಂಪಿನಲ್ಲಿ ಈಸ್ಟ್ ಹೆಚ್ಚು ಮರಿ ಹಾಕುವುದಿಲ್ಲ, ಆಳು ಮೊದಲೇ ಜಾಸ್ತಿ ಇರಬೇಕು.

ಲಾಗರ್ ಈಸ್ಟಿನ ಹುಟ್ಟಿನ ಕಥೆ ಚೆನ್ನಾಗಿದೆ. ಮಾಮೂಲಿ ಬ್ರೆಡ್ಡಿನ ಈಸ್ಟಿನ ಜೊತೆ ಚಳಿ ತಡೆಯುವ ಇನ್ನೊಂದು ಕಾಡು ಈಸ್ಟ್ ಕೂಡಿ ಹುಟ್ಟಿದ ಬೆರಕೆ ಇದು. ಆ ಇನ್ನೊಂದು ಯಾರು ಅಂತ ಪತ್ತೆಯಾಗಿ ಪ್ರಕಟವಾದದ್ದು 2011ರಲ್ಲಿ, ಸಿಕ್ಕಿದ್ದು ದಕ್ಷಿಣ ಅಮೆರಿಕದ ಪ್ಯಾಟಗೋನಿಯಾ ಕಾಡಿನ ಮರಗಳ ಮೇಲೆ.

ಐಸು, ಮೊಟ್ಟೆ, ಬೆಣ್ಣೆ

ಮೂವತ್ತು ಗಂಟೆ ಕೊಳವೆಯಲ್ಲಿ ಒಂದು ಗುಳ್ಳೆಯೂ ಬರಲಿಲ್ಲ. ಈಸ್ಟ್ ಸತ್ತಿತು ಅಂತಲೇ ಅಂದುಕೊಂಡೆ. ಮುಚ್ಚಳ ತೆಗೆದರೆ ಎರಡು ಬೆರಳು ನೊರೆ! ಮುಚ್ಚಳದ ಅಂಚಿನಿಂದ ಗಾಳಿ ಸೋರುತ್ತಿತ್ತು ಅಷ್ಟೆ. ಗುಳ್ಳೆ ನಂಬಬೇಡಿ, ಹೈಡ್ರೋಮೀಟರ್ ನಂಬಿ.

18ನೇ ತಾರೀಕು ಸಂಜೆ ನಮ್ಮ ಬೀದಿಯ ಟಿಸಿ ಸುಟ್ಟಿತು. ಕರೆಂಟ್ ಬಂದದ್ದು ಮೂವತ್ತೊಂದು ಗಂಟೆ ಆದಮೇಲೆ. ಈಸ್ಟ್ ಜೋರಾಗಿ ಕೆಲಸ ಮಾಡುವಾಗ ತಾನೇ ಶಾಖ ಹುಟ್ಟಿಸುತ್ತದೆ. ಬೆಳಿಗ್ಗೆ ಹೊತ್ತಿಗೆ 15.5. ಮಾರ್ಕೆಟ್ಟಿನ ಮೀನಂಗಡಿಯಿಂದ ನಾಲ್ಕು ಕೆಜಿ ಐಸ್ ತಂದು, ಎರಡೆರಡು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಬಕೆಟ್ಟಿನ ಸುತ್ತ ಜೋಡಿಸಿದೆ. 13ಕ್ಕೆ ಇಳಿಯಿತು. ಫ್ರಿಜ್ಜಿಗೆ ಬಂಗುಡೆ ವಾಸನೆ ಅಂಟಿತು. ಅದು ಹೋಗುವ ಮುಂಚೆ ಈಸ್ಟಿನ ಗಂಧಕದ ವಾಸನೆ ಶುರು. "ಒಳಗೆ ಮೊಟ್ಟೆ ಕೊಳೆತಿದೆಯಾ?" ಅಂತ ಹೆಂಡತಿ ಮೂರು ದಿನ ಕೇಳಿದಳು. ಲಾಗರಿಗೆ ಅದು ಸಹಜ, ತಾನಾಗಿ ಹೋಗುತ್ತದೆ. ಹೋಯಿತು.

23ಕ್ಕೆ ಹೈಡ್ರೋಮೀಟರ್ 1.022ಕ್ಕೆ ಇಳಿದಿತ್ತು. ಇಲ್ಲಿ ಶಾಖ 16ಕ್ಕೆ ಏರಿಸಬೇಕು. ಈಸ್ಟ್ ಬಿಟ್ಟುಹೋದ ಡಯಾಸಿಟೈಲ್ ಅನ್ನುವ ಬೆಣ್ಣೆ ವಾಸನೆಯನ್ನು ಈಸ್ಟೇ ಮತ್ತೆ ನುಂಗಬೇಕು, ಅದಕ್ಕೆ ಸ್ವಲ್ಪ ಬೆಚ್ಚಗಿರಬೇಕು. ತಿಳಿಯುವುದು ಹೇಗೆ? ಎರಡು ಲೋಟ ತೆಗೆದು ಒಂದನ್ನು ಬಿಸಿನೀರಲ್ಲಿ ಇಪ್ಪತ್ತು ನಿಮಿಷ ಇಟ್ಟು ಆರಿಸಿ, ಎರಡನ್ನೂ ಮೂಸಿ. 25ರಂದು ಬಿಸಿ ಮಾಡಿದ್ದು ಬೆಣ್ಣೆ ಬಿಸ್ಕತ್ತಿನ ವಾಸನೆ ಹೊಡೆಯಿತು. 28ರಂದು ಎರಡೂ ಒಂದೇ. ಹೈಡ್ರೋಮೀಟರ್ 1.013, ಆಲ್ಕೋಹಾಲ್ ಶೇಕಡಾ 4.6.

ಆಮೇಲೆ ದಿನಕ್ಕೆ 2 ಡಿಗ್ರಿಯಂತೆ ಇಳಿಸುತ್ತಾ ಬಂದೆ. ಮೂರನೇ ದಿನ ಬಾಗಿಲು ತೆಗೆದಾಗ ಎದೆ ಧಸಕ್ ಅಂತು. ಬಾಟ್ಲಿಯಲ್ಲಿದ್ದ ಅಯೋಡೋಫೋರ್ ನೀರು ಕೊಳವೆಯಲ್ಲಿ ಅರ್ಧದಷ್ಟು ಮೇಲೇರಿ ನಿಂತಿದೆ, ಇನ್ನೊಂದು ಗೇಣು ಹತ್ತಿದರೆ ಬಿಯರಿಗೆ. ತಂಪಾದಂತೆ ಬಕೆಟ್ಟಿನೊಳಗಿನ ಗಾಳಿ ಕುಗ್ಗಿ ಎಳೆದುಕೊಳ್ಳುತ್ತಿತ್ತು. ಸೋರುವ ಮುಚ್ಚಳಕ್ಕೆ ನಾನೇ ಟೇಪ್ ಸುತ್ತಿ ಬಿಗಿ ಮಾಡಿದ್ದೆನಲ್ಲ! ಕೊಳವೆ ಕಿತ್ತು, ತೂತಿಗೆ ಮಗಳ ಹುಟ್ಟುಹಬ್ಬದ ಬಲೂನನ್ನು ಅರ್ಧ ಊದಿ ಸಿಕ್ಕಿಸಿದೆ. ಬಲೂನು ಸೊರಗುತ್ತಾ ಹೋಯಿತು, ಬಿಯರ್ ಉಳಿಯಿತು. ನನ್ನ ಉಸಿರು ಸೇರಿಕೊಂಡದ್ದು ಒಳ್ಳೆಯದಲ್ಲ, ಆದರೆ ಅಯೋಡಿನ್ನಿಗಿಂತ ವಾಸಿ.

ಮುಂದಿನ ನಾಲ್ಕು ವಾರ 2 ಡಿಗ್ರಿಯಲ್ಲಿ ಮಲಗಿತ್ತು. ಬರೆಯುವಂಥದ್ದು ಏನೂ ನಡೆಯಲಿಲ್ಲ. ಕಾಫಿಯಾದರೆ ಹದಿನೈದು ನಿಮಿಷದಲ್ಲಿ ಕೆಟ್ಟಿತೋ ಆಯಿತೋ ಗೊತ್ತಾಗುತ್ತದೆ. ಇಲ್ಲಿ ಸಂಕ್ರಾಂತಿ ಬಂತು, ಎಳ್ಳುಬೆಲ್ಲ ಖಾಲಿಯಾಯಿತು, ಫ್ರಿಜ್ಜಿನ ಮೇಲೆ ಕೆಂಪು 2 ಮಿನುಗುತ್ತಲೇ ಇತ್ತು.

ಬಾಟ್ಲಿ

ಫೆಬ್ರವರಿ 3. ಗುಜರಿಯಿಂದ ತಂದ 650 ಎಂಎಲ್ ಬಾಟ್ಲಿಗಳನ್ನು ಬ್ರಷ್ ಹಾಕಿ ಉಜ್ಜುವುದರಲ್ಲೇ ಅರ್ಧ ದಿನ. ತಳದ ಗಷ್ಟು ಬಿಟ್ಟು 18 ಲೀಟರ್ ಸಿಕ್ಕಿತು, ಬಾಟ್ಲಿಯೊಳಗೆ ನೊರೆಯ ಗ್ಯಾಸ್ ಹುಟ್ಟಲು 108 ಗ್ರಾಂ ಸಕ್ಕರೆ ಕುದಿಸಿ ಬೆರೆಸಿದೆ. ಇಪ್ಪತ್ತಾರು ಗಾಜಿನ ಬಾಟ್ಲಿ, ಜೊತೆಗೆ ಒಂದು ಪ್ಲಾಸ್ಟಿಕ್ ಸೋಡಾ ಬಾಟ್ಲಿ. ಅದನ್ನು ದಿನಾ ಹಿಸುಕಿ ನೋಡಿದರೆ ಒಳಗಿನ ಒತ್ತಡ ತಿಳಿಯುತ್ತದೆ. ಹತ್ತು ದಿನ ಮೆತ್ತಗೇ ಇತ್ತು. ಚಳಿಯಲ್ಲಿ ಮಲಗಿ ಈಸ್ಟ್ ದಣಿದಿತ್ತು. ಮೂರನೇ ವಾರಕ್ಕೆ ಕಲ್ಲಾಯಿತು.

24ರಂದು ತೆರೆದೆ. ಲೋಟದಲ್ಲಿ ಕಪ್ಪು, ಕಿಟಕಿಗೆ ಹಿಡಿದರೆ ದಾಳಿಂಬೆ ಕೆಂಪು. ನೊರೆ ಚೆನ್ನಾಗಿ ಎದ್ದು ಬೇಗ ಕೂತಿತು, ಅದು ನನಗೆ ಹಿಡಿಸಲಿಲ್ಲ. ಬ್ರೆಡ್ಡಿನ ಅಂಚು, ಸ್ವಲ್ಪ ಹುರಿದ ಕಡಲೆಕಾಯಿ, ಕೊನೆಗೆ ನಾಲಿಗೆ ಮೇಲೆ ಸಿಹಿ ಉಳಿಯುವುದಿಲ್ಲ. ಸೀದದ್ದು ಎಲ್ಲೂ ಇಲ್ಲ. ನಾಲಿಗೆಯ ಅಂಚಿನಲ್ಲಿ ಚೂರು ಒಗರು. ಚೀಲ ಹಿಂಡಿದ್ದಕ್ಕೆ ಇರಬೇಕು. ಅಮ್ಮ ಕುಡಿಯುವವರಲ್ಲ, ಲೋಟ ಮೂಸಿ "ಹುರಿಹಿಟ್ಟಿನ ವಾಸನೆ ಕಣೋ" ಅಂದು ಇಟ್ಟರು. ಮುಂದಿನ ಸಲ ಮಿಲ್ಲಿನ ತಟ್ಟೆ ಅರ್ಧ ಸುತ್ತು ಬಿಗಿ, ಚೀಲ ಹಿಂಡುವುದಿಲ್ಲ, ಬಲೂನು ಮೊದಲೇ. ರೋಸ್ಟರಿನ ಮೇಲೆ ಹೆಂಡತಿ ಮಾರ್ಕರಿನಲ್ಲಿ ‘ಕಾಫಿ ಮಾತ್ರ’ ಅಂತ ಬರೆದಿದ್ದಾಳೆ.

ಸಂಜೆ ಮೇಷ್ಟ್ರಿಗೆ ಒಂದು ಬಾಟ್ಲಿ ಕಾಗದದಲ್ಲಿ ಸುತ್ತಿ ಕೊಟ್ಟೆ. ಮರುದಿನ ಪುಡಿ ತೆಗೆದುಕೊಳ್ಳಲು ಬಂದವರು ಕೌಂಟರಿನ ಮೇಲೆ ಬಾಗಿ ಮೆಲ್ಲಗೆ ಕೇಳಿದರು: "ಚೆನ್ನಾಗಿತ್ತಪ್ಪ. ಅವತ್ತು ಕಾಫಿಪುಡೀಲಿ ಇದ್ದಿದ್ದು ಇದೇ ವಾಸನೆ, ಅಲ್ವಾ?"